ಒಳಗಿನ ಗಿಲಾವು (ಪ್ಲಾಸ್ಟರ್) ಮುಗಿಯಿತು, ಇನ್ನು ಯಾವ ಕೆಲಸ ಮೊದಲು? (ಕಲಬುರಗಿ, 30x40 ಮನೆ)

ಹೊಸ್ತಿಲು:
ಎಲ್ಲರಿಗೂ ನಮಸ್ಕಾರ. ಸೇಡಂ ರಸ್ತೆ ಕಡೆ 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಕೆಳಗೆ ಒಂದೇ ಮನೆ, ಎರಡು ಬೆಡ್‌ರೂಮು, ಹಾಲ್, ಅಡುಗೆಮನೆ, ದೇವರ ಜಗಲಿ. ಒಳಗಿನ ಗಿಲಾವು ಹೋದ ವಾರ ಮುಗಿದಿದೆ. ಅಕ್ಷಯ ತೃತೀಯಕ್ಕೆ ಗೃಹಪ್ರವೇಶ ಅಂತ ಅವ್ವ ಈಗಾಗಲೇ ಬೀಗರಿಗೆಲ್ಲ ಹೇಳಿಬಿಟ್ಟಿದ್ದಾಳೆ. ಉಳಿದಿರುವುದು ಸುಮಾರು ಎರಡೂವರೆ ತಿಂಗಳು.

ನನ್ನ ಕಷ್ಟ ಇಷ್ಟೇ. ಟೈಲ್ಸಿನವರು ನಾಳೆಯೇ ಕೆಲಸ ಶುರು ಮಾಡುತ್ತೇವೆ ಅನ್ನುತ್ತಾರೆ. ಪೇಂಟರ್ ಬಂದು, ಮೊದಲು ಗೋಡೆ ನಯ ಮಾಡುವ ಪುಟ್ಟಿ ಹೊಡೆಯಬೇಕು, ಇಲ್ಲದಿದ್ದರೆ ನಿಮ್ಮ ಟೈಲ್ಸ್ ಹಾಳು ಅನ್ನುತ್ತಾನೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗಿನ ಹುಡುಗರು ನಮ್ಮದು ಆಗುವ ತನಕ ಯಾರೂ ಬರಬೇಡಿ ಅನ್ನುತ್ತಾರೆ. ಗುತ್ತಿಗೆದಾರರನ್ನು ಕೇಳಿದರೆ, "ಎಲ್ಲಾ ಒಮ್ಮೆಲೆ ನಡೀತದ ಬಿಡ್ರಿ ಸರ್, ಚಿಂತಿ ಮಾಡಬ್ಯಾಡ್ರಿ" ಅಂತ ಫೋನ್ ಇಡುತ್ತಾರೆ. ನಾನು ಜೇವರ್ಗಿ ಕಡೆ ಶಾಲೆಯಲ್ಲಿ ಗಣಿತ ಕಲಿಸುವವನು. ಸೈಟಿಗೆ ಹೋಗಲು ಸಿಗುವುದು ಭಾನುವಾರ ಮಾತ್ರ. ಯಾವುದರ ಹಿಂದೆ ಯಾವುದು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಗೌಂಡಿ ಮಗ:
ಮಾಸ್ತರ್ರೇ, ಉತ್ತರ ಹೇಳುವ ಮೊದಲು ನಾನೇ ಒಂದಿಷ್ಟು ಕೇಳುತ್ತೇನೆ. ಗೋಡೆಯೊಳಗಿನ ನೀರಿನ ಪೈಪಿಗೆ ಒತ್ತಡ ಕೊಟ್ಟು ನೋಡಿದ್ದಾರಾ? ಬಾತ್‌ರೂಮಿನಲ್ಲಿ ನೀರು ನಿಲ್ಲಿಸಿ ನೋಡಿದ್ದಾರಾ? ಬಾಗಿಲ ಚೌಕಟ್ಟು ನಿಂತಿವೆಯಾ? ಗಿಲಾವಿಗೆ ಎಷ್ಟು ದಿನ ನೀರು ಹೊಡೆದರು?

ಹೊಸ್ತಿಲು:
ಚೌಕಟ್ಟು ನಿಂತಿವೆ. ನೀರು 5 ದಿನ ಹೊಡೆದರು ಅಂತ ವಾಚ್‌ಮನ್ ಹೇಳಿದ. ಪೈಪಿನದು, ಬಾತ್‌ರೂಮಿನದು ಗೊತ್ತಿಲ್ಲ. ಅದನ್ನೂ ನೋಡಬೇಕಾ?

ಯಾದಗಿರಿ ಎಕ್ಸ್‌ಪ್ರೆಸ್:
ನೋಡಬೇಕಾ ಅಂತ ಕೇಳುತ್ತಿದ್ದೀರಲ್ಲ ಅಣ್ಣಾ! ನನ್ನ ಕಥೆ ಕೇಳಿ.

ಯಾದಗಿರಿಯಲ್ಲಿ ಎರಡು ವರ್ಷದ ಹಿಂದೆ ಮನೆ ಮಾಡಿಸಿದೆ. ನನಗೂ ನಿಮ್ಮ ಹಾಗೆ ಮುಹೂರ್ತದ ಗಡಿಬಿಡಿ. ಎಲ್ಲ ಮುಗಿಯಿತು, ಊಟ ಹಾಕಿಸಿದೆವು, ಎಲ್ಲರೂ ಹಾಲ್‌ನ ಗೋಡೆ ಬಣ್ಣ ಹೊಗಳಿ ಹೋದರು. ನಾಲ್ಕು ತಿಂಗಳಿಗೆ ಸೋಫಾದ ಹಿಂದಿನ ಗೋಡೆಯಲ್ಲಿ ಅಂಗೈ ಅಗಲ ಗುಳ್ಳೆ ಎದ್ದಿತು. ಬೆರಳಿಂದ ಒತ್ತಿದರೆ ಒಳಗೆ ಪುಟ್ಟಿ ಹಸಿ ಹಿಟ್ಟಿನ ಹಾಗೆ ಮೆತ್ತಗಿತ್ತು. ಪೇಂಟರನ್ನು ಬೈದೆ. ಅವನು ಕೆರೆದು ಮತ್ತೆ ಬಳಿದು ಹೋದ. ಎರಡೇ ತಿಂಗಳು, ಈ ಸಲ ಗುಳ್ಳೆ ತಟ್ಟೆಯಷ್ಟಾಯಿತು.

ಗೋಡೆಯ ಆ ಕಡೆ ಬಾತ್‌ರೂಮು. ಕೊನೆಗೆ ಟೈಲ್ಸ್ ಒಡೆದು ನೋಡಿದರೆ ಗೀಸರಿಗೆ ಹೋಗುವ ಪೈಪಿನ ಮೂಲೆಯ ಜೋಡಣೆಯಲ್ಲಿ ಸೂಜಿ ಮೊನೆಯಷ್ಟು ಸೋರಿಕೆ. ಹನಿ ಬೀಳುವುದೂ ಇಲ್ಲ, ಸುಮ್ನೆ ಬೆವರುತ್ತಾ ಇತ್ತು. ಆ ಒಂದು ಜೋಡಣೆಗಾಗಿ ನಾಲ್ಕು ಸಾಲು ಟೈಲ್ಸ್ ಹೋದವು. ಅದೇ ಡಿಸೈನ್ ಅಂಗಡಿಯಲ್ಲಿ ಸಿಗಲಿಲ್ಲ. ಈಗಲೂ ನಮ್ಮ ಬಾತ್‌ರೂಮಿನಲ್ಲಿ ಗೀಸರ್ ಕೆಳಗೆ ಬೇರೆ ಬಣ್ಣದ ಪಟ್ಟಿ ಇದೆ. ಬಂದವರಿಗೆ "ಅದು ಡಿಸೈನ್" ಅಂತ ಹೇಳುತ್ತೇನೆ.

ಬೀದರ್ ಅಕ್ಕ:
😄 ಡಿಸೈನ್ ಅಂತೆ!

ಗೌಂಡಿ ಮಗ:
ಇವರು ಹೇಳಿದ್ದೇ ನಾನು ಹೇಳಬೇಕಿದ್ದದ್ದು. ನಮ್ಮಪ್ಪ ಗೌಂಡಿ, ನಾನು ಹನ್ನೊಂದು ವರ್ಷದಿಂದ ಸೈಟ್ ನೋಡಿಕೊಳ್ಳುತ್ತಿದ್ದೇನೆ. ಒಳಗಿನ ಕೆಲಸ ಕೆಡುವುದೆಲ್ಲ ಒಂದೇ ಕಾರಣಕ್ಕೆ. ಮುಚ್ಚಿಹೋಗುವುದನ್ನು ನೋಡದೆ ಮುಚ್ಚಿಬಿಡುತ್ತಾರೆ. ಟೈಲ್ಸ್ ಬಣ್ಣ ಹಿಡಿಸದಿದ್ದರೆ ಜೀವನ ನಡೆಯುತ್ತದೆ. ಟೈಲ್ಸ್ ಹಿಂದಿನ ಪೈಪ್ ಸೋರಿದರೆ ನಡೆಯುವುದಿಲ್ಲ.

ಹಾಗಾಗಿ ಈ ಭಾನುವಾರ ಎರಡು ಕೆಲಸ ಮಾಡಿಸಿ. ಪ್ಲಂಬರ್ ಹತ್ತಿರ ಕೈಯಿಂದ ಒತ್ತುವ ಟೆಸ್ಟಿಂಗ್ ಪಂಪು ಇರುತ್ತದೆ. ನಲ್ಲಿ ಬರುವ ಜಾಗಕ್ಕೆಲ್ಲ ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಿ, ಪೈಪ್ ತುಂಬ ನೀರು ತುಂಬಿ, ಒತ್ತಡ ಕೊಟ್ಟು ಗೇಜಿನ ಮುಳ್ಳು ಎಲ್ಲಿದೆ ಅಂತ ಫೋಟೋ ತೆಗೆದುಕೊಳ್ಳಿ. ಮರುದಿನ ಬೆಳಗ್ಗೆ ಮತ್ತೆ ನೋಡಿ. ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಲೆಕ್ಕ. ಪಂಪ್ ಇಲ್ಲ ಅಂದರೆ ಬೇರೆಯವರ ಹತ್ತಿರ ತರಲಿ, ಬಾಡಿಗೆಗೂ ಸಿಗುತ್ತದೆ.

ಎರಡನೆಯದು ಬಾತ್‌ರೂಮು. ವಾಟರ್‌ಪ್ರೂಫಿಂಗ್ ಕೋಟ್ ನೆಲಕ್ಕೆ ಮಾತ್ರ ಬಳಿದು ಕೈತೊಳೆದುಕೊಳ್ಳುತ್ತಾರೆ. ಗೋಡೆಗೂ ಒಂದಡಿ ಮೇಲೇರಬೇಕು, ಶವರ್ ಬರುವ ಕಡೆ ಇನ್ನೂ ಮೇಲೆ. ಅದು ಒಣಗಿದ ಮೇಲೆ ನೀರು ಹೋಗುವ ಬಾಯಿ ಮುಚ್ಚಿ, ಬಾಗಿಲಲ್ಲಿ ಸಿಮೆಂಟಿನ ಚಿಕ್ಕ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. 48 ತಾಸು ಬಿಡಿ. ಗೋಡೆಯ ಆಚೆ ಬದಿ ಕೈ ಇಟ್ಟು ನೋಡಿ. ಗೋಡೆ ಮೇಲೆ ಪೆನ್ಸಿಲಿನಿಂದ ನೀರಿನ ಮಟ್ಟ ಗುರುತು ಮಾಡಿ. ನಮ್ಮ ಬಿಸಿಲಿಗೆ ಸ್ವಲ್ಪ ಆರಿಹೋಗುತ್ತದೆ, ಅದು ಬೇರೆ ಮಾತು. ಪಕ್ಕದಲ್ಲೇ ಒಂದು ಬಕೆಟ್‌ನಲ್ಲಿ ಅಷ್ಟೇ ಎತ್ತರ ನೀರಿಟ್ಟರೆ ಆರಿದ್ದು ಎಷ್ಟು, ಇಂಗಿದ್ದು ಎಷ್ಟು ಅಂತ ಗೊತ್ತಾಗುತ್ತದೆ. ನೀವು ಗಣಿತದವರು, ಕಳೆಯುವ ಲೆಕ್ಕ ನಿಮಗೇ ಬಿಟ್ಟೆ.

ಗಿಲಾವಿಗೆ 5 ದಿನ ಸಾಲದು. ಕಡಿಮೆ ಅಂದರೂ 7 ದಿನ ಬೇಕು. ನಮ್ಮ ಕಡೆ ಫೆಬ್ರುವರಿ ಮಧ್ಯಾಹ್ನವೇ ಗೋಡೆ ಕಾಯುತ್ತದೆ, ಹಾಗಾಗಿ ನಾನು 10 ದಿನ ಹೊಡೆಸುತ್ತೇನೆ. ಇನ್ನೂ ತಡವಾಗಿಲ್ಲ, ನಾಳೆಯಿಂದಲೇ ಮತ್ತೆ ಶುರು ಮಾಡಿಸಿ.

ಕರೆಂಟ್ ಕಾಕಾ:
ತಮ್ಮಾ, ಒಂದು ನಿಮಿಷ. ಪುಟ್ಟಿ ಹತ್ತುವ ಮೊದಲು ನನ್ನ ಮಾತು ಕೇಳು. ಈಗ ಗೋಡೆ ಕೊರೆದರೆ ನೂರು ರೂಪಾಯಿಯ ಕೆಲಸ, ಬಣ್ಣ ಆದ ಮೇಲೆ ಕೊರೆದರೆ ಮನೆಯಲ್ಲಿ ಜಗಳ.

ಒಂದು ಚಾಕ್‌ಪೀಸ್ ತೆಗೆದುಕೊಂಡು ಹೋಗು. ಶಾಲೆಯಲ್ಲಿ ಸಿಗುತ್ತದಲ್ಲ. ಹೆಂಡತಿ, ಅವ್ವ ಇಬ್ಬರನ್ನೂ ಕರೆದುಕೊಂಡು ಹೋಗು. ಖಾಲಿ ರೂಮಿನ ನೆಲದ ಮೇಲೆ ಮಂಚ, ಕಪಾಟು, ಟಿವಿ, ಫ್ರಿಜ್ ಎಲ್ಲ ಚಾಕ್‌ನಲ್ಲಿ ಬರೆ. ಆಮೇಲೆ ಪ್ಲಗ್ಗಿನ ಡಬ್ಬಿ ಎಲ್ಲಿವೆ ನೋಡು. ಹತ್ತು ಮನೆಯಲ್ಲಿ ಎಂಟು ಕಡೆ ಪ್ಲಗ್ಗು ಕಪಾಟಿನ ಹಿಂದೆ ಹೋಗಿರುತ್ತದೆ.

ಅದಕ್ಕಿಂತ ಮುಖ್ಯ ಕೂಲರ್. ಬೆಂಗಳೂರಿನ ಪ್ಲಾನ್ ನೋಡಿ ಮನೆ ಕಟ್ಟುವವರು ಇದನ್ನು ಮರೆಯುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ. ಎಸಿ ಹಾಕಿದರೂ ಮನೆ ತುಂಬ ಎಸಿ ಹಾಕುವುದಿಲ್ಲ. ನಮ್ಮದು ಒಣ ಬಿಸಿಲು, ಅದಕ್ಕೇ ಕೂಲರ್ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಕಿಟಕಿಯ ಹೊರಗೆ ಕೂಲರ್ ಕೂರುವ ಜಾಗ ಈಗಲೇ ನಿಗದಿ ಮಾಡು. ಅಲ್ಲಿಗೆ ಒಂದು ಪ್ಲಗ್ಗು, ಮಳೆ ಬೀಳದ ಹಾಗೆ. ಒಂದು ಅರ್ಧ ಇಂಚಿನ ನೀರಿನ ನಲ್ಲಿ. ನೀರು ಚೆಲ್ಲಿದರೆ ಹರಿದು ಹೋಗುವ ದಾರಿ. ಸ್ಟ್ಯಾಂಡ್ ಬಿಗಿಯಲು ಸಜ್ಜೆಗೋ ಗೋಡೆಗೋ ಬೋಲ್ಟು. ಇಷ್ಟು ಮಾಡದವರು ಮೇ ತಿಂಗಳ ತುಂಬ ರಾತ್ರಿ ಹತ್ತಕ್ಕೆ ಕೊಡ ಹೊತ್ತು ಕೂಲರಿಗೆ ನೀರು ಸುರಿಯುತ್ತಾರೆ. ನಾನೇ ಹದಿನೈದು ವರ್ಷ ಸುರಿದಿದ್ದೇನೆ.

ಇನ್ನು ವೈರ್. ಲೈಟು, ಫ್ಯಾನಿಗೆ 1.5, ಸಾದಾ ಪ್ಲಗ್ಗಿಗೆ 2.5, ಎಸಿ ಮತ್ತು ಗೀಸರಿಗೆ 4 ಚದರ ಮಿಲಿಮೀಟರ್. ಎಸಿಗೆ, ಗೀಸರಿಗೆ ಬೇರೆ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು). ಇಡೀ ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸು. ಶಾಕ್ ಹೊಡೆದರೆ ಕ್ಷಣದಲ್ಲಿ ಕಟ್ ಮಾಡುವುದು ಅದೇ. ಎಂಸಿಬಿಗೆ ಆ ಕೆಲಸ ಬರುವುದಿಲ್ಲ. ಇನ್ವರ್ಟರಿಗೆ ಬೇರೆ ಲೈನ್ ಎಳೆಸು. ಯಾವ ಫ್ಯಾನ್, ಯಾವ ಲೈಟ್ ಅದರ ಮೇಲೆ ಅಂತ ಈಗಲೇ ಹೇಳು.

ಅರ್ಥಿಂಗ್ ಗುಂಡಿ ಕಾಂಪೌಂಡಿನ ಮೂಲೆಯಲ್ಲಿ ಮುಚ್ಚಿ ಮರೆಯಬೇಡ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಕಂಬಿಯಿಂದ ದೂರ ಸರಿಯುತ್ತದೆ. ಗುಂಡಿಗೆ ಬಾಯಿ ಇರಲಿ, ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹಾಕು.

ಹೊಸ್ತಿಲು:
ಕಾಕಾ, ಚಾಕ್‌ಪೀಸ್ ಐಡಿಯಾ ಬಹಳ ಚಲೋ ಇದೆ. ಕೂಲರ್ ಪಾಯಿಂಟ್ ನಮ್ಮ ಪ್ಲಾನಿನಲ್ಲಿ ಇಲ್ಲವೇ ಇಲ್ಲ. ಇದನ್ನು ಓದಿ ಅವ್ವ, "ನಾ ಹೇಳಿದ್ರ ಕೇಳಿದ್ಯಾ" ಅಂದಳು. ಅವಳು ಯಾವಾಗ ಹೇಳಿದ್ದಳೋ ನೆನಪಿಲ್ಲ.

ಹಾಗಾದರೆ ಮೊದಲಿನ ಪ್ರಶ್ನೆ: ಟೈಲ್ಸ್ ಮೊದಲಾ, ಪುಟ್ಟಿ ಮೊದಲಾ?

ಗೌಂಡಿ ಮಗ:
ಪಿಒಪಿ ಸೀಲಿಂಗ್ ಮೊದಲು. ಅದರ ಗಲೀಜು ಅಷ್ಟಿಷ್ಟಲ್ಲ. ಆಮೇಲೆ ಬಾತ್‌ರೂಮು, ಅಡುಗೆಮನೆಯ ಗೋಡೆ ಟೈಲ್ಸ್. ಆಮೇಲೆ ನೆಲ. ನೆಲ ಹಾಕಿದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಪಿಒಪಿಯ ತೆಳು ಪದರ ಬಳಿಸಿ. ಅದು ನೆಲಕ್ಕೆ ಕವಚ. ಅದರ ಮೇಲೆ ಏಣಿ ನಿಲ್ಲಿಸಿ ಪುಟ್ಟಿ, ಪ್ರೈಮರ್, ಮೊದಲ ಕೋಟ್ ಪೇಂಟ್. ಆಮೇಲೆ ಬಡಿಗೇರ ಬರಲಿ. ಆಮೇಲೆ ಸ್ವಿಚ್ಚು, ನಲ್ಲಿ, ಕಮೋಡ್. ಕೊನೆಯ ಕೋಟ್ ಎಲ್ಲರೂ ಹೊರಗೆ ಹೋದ ಮೇಲೆ.

ಕೆಲವರು ಪುಟ್ಟಿ ಮೊದಲು ಹೊಡೆಸುತ್ತಾರೆ, ಅದೂ ತಪ್ಪಲ್ಲ. ಆದರೆ ಸ್ಕರ್ಟಿಂಗ್ (ಗೋಡೆಯ ಬುಡದ ಟೈಲ್ಸ್ ಪಟ್ಟಿ) ಕೂರಿಸುವಾಗ ಗೋಡೆಯ ಕೆಳಭಾಗ ಮತ್ತೆ ಕೆಡುತ್ತದೆ, ತೇಪೆ ಹಚ್ಚಬೇಕು. ಆ ತೇಪೆ ಸಂಜೆ ಬೆಳಕು ಅಡ್ಡ ಬಿದ್ದಾಗ ಕಾಣುತ್ತದೆ.

ಉಳಿ ಸುತ್ತಿಗೆ:
ಬಡಿಗೇರ ನಾನೇ. ಗೌಂಡಿ ಮಗ ಹೇಳಿದ ಕ್ರಮ ಸರಿ. ಒಂದು ತಿದ್ದುಪಡಿ. ಪ್ಲೈವುಡ್ ಕೊಯ್ಯುವ ಕೆಲಸ ಮನೆಯೊಳಗೆ ಬೇಡ, ಅಂಗಳದಲ್ಲಿ ಶೆಡ್ ಹಾಕಿಕೊಡಿ. ಕೊಯ್ದ ಪುಡಿ ಹಸಿ ಪೇಂಟಿಗೆ ಅಂಟಿದರೆ ಪೇಂಟರ್ ನನ್ನನ್ನೇ ಬೈಯುತ್ತಾನೆ.

ಇನ್ನೊಂದು. ಚೌಕಟ್ಟು ನಿಲ್ಲಿಸುವಾಗ ನೆಲದ ಮಟ್ಟ ಎಷ್ಟು ಇಟ್ಟುಕೊಂಡಿದ್ದಾರೆ ಕೇಳಿ. ಟೈಲ್ಸು, ಅದರ ಕೆಳಗಿನ ಸಿಮೆಂಟ್ ಮಾಲು ಸೇರಿ ಎರಡು, ಎರಡೂವರೆ ಇಂಚು ನೆಲ ಮೇಲೇರುತ್ತದೆ. ಲೆಕ್ಕ ತಪ್ಪಿದರೆ ಬಾಗಿಲು ಕೆಳಗೆ ಕೊಯ್ಯಬೇಕು. ತಲಬಾಗಿಲು ತೇಗಿನದಾಗಿದ್ದರೆ ಕೊಯ್ಯುವಾಗ ನನಗೂ ಹೊಟ್ಟೆ ಉರಿಯುತ್ತದೆ.

ಫರಶಿ ಪ್ರೇಮಿ:
ಎಲ್ಲರೂ ಟೈಲ್ಸ್, ಟೈಲ್ಸ್ ಅನ್ನುತ್ತಿದ್ದೀರಿ. ಸ್ವಾಮಿ, ಶಹಾಬಾದ್ ನಿಮ್ಮಿಂದ ಎಷ್ಟು ದೂರ ಇದೆ? ಕಾಲ ಕೆಳಗೆ ಕಲ್ಲು ಇಟ್ಟುಕೊಂಡು ಗುಜರಾತಿನ ಮೋರ್ಬಿಯಿಂದ ಟೈಲ್ಸ್ ತರಿಸುವುದು ಯಾಕೆ?

ನಾನು ಚಿತ್ತಾಪುರ ಕಡೆಯವನು. ನಮ್ಮ ಹಳೆ ಮನೆಯ ಫರಶಿ, ಅಂದರೆ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು, ನಮ್ಮ ಮುತ್ಯಾನ ಕಾಲದ್ದು. ಮೇ ತಿಂಗಳ ಮಧ್ಯಾಹ್ನ ಬರಿ ಮೈಯಲ್ಲಿ ಅದರ ಮೇಲೆ ಮಲಗಿ ನೋಡಿ, ಆಮೇಲೆ ಮಾತಾಡಿ. ಈಗ ಮಷೀನ್ ಕಟ್ಟಿಂಗ್ ಬರುತ್ತದೆ, ಅಂಚು ನೇರ ಇರುತ್ತದೆ. ಹಾಕಿದ ಮೇಲೆ ಪಾಲಿಶ್ ಹೊಡೆಸಿದರೆ ಬೂದು ನೀಲಿ ಹೊಳೆಯುತ್ತದೆ.

ಬೀದರ್ ಅಕ್ಕ:
ತಂಪು ಹೌದು. ಆದರೆ ನಿಂಬೆಹಣ್ಣು, ಹುಣಸೆ ರಸ ಬಿದ್ದರೆ ಕಲೆ ಹೋಗುವುದಿಲ್ಲ. ನಮ್ಮ ಅತ್ತೆಯ ಮನೆಯ ಅಡುಗೆಮನೆಯಲ್ಲಿ ನೋಡಿದ್ದೇನೆ. ಬಾತ್‌ರೂಮಿನಲ್ಲಿ ಯಾರೋ ಆ್ಯಸಿಡ್ ಹಾಕಿ ತೊಳೆದರು, ಕಲ್ಲು ನೊರೆ ಬಂದು ಬೆಳ್ಳಗಾಯಿತು.

ಫರಶಿ ಪ್ರೇಮಿ:
ಅಕ್ಕಾ, ಅದು ಸುಣ್ಣದಕಲ್ಲು. ಆ್ಯಸಿಡ್ ಹಾಕಿದರೆ ನೊರೆ ಬಾರದೆ ಇರುತ್ತದಾ? ಕಲ್ಲಿನ ತಪ್ಪಲ್ಲ. ಬಾತ್‌ರೂಮಿಗೆ ಬೇಡ, ಒಪ್ಪಿದೆ. ಹಾಲ್, ಬೆಡ್‌ರೂಮ್, ಪಡಸಾಲೆಗೆ ಹಾಕಿ ಅನ್ನುತ್ತಿದ್ದೇನೆ.

ಗೌಂಡಿ ಮಗ:
ಇದನ್ನು ಹೇಳದೆ ಇರಲಾರೆ. ಶಹಾಬಾದಿನ ಫರಶಿ, ವಾಡಿ, ಸೇಡಂ, ಮಳಖೇಡದ ಸಿಮೆಂಟು, ನಿಮ್ಮ ಬೋರಿನ ಗಡಸು ನೀರು, ಮೂರರಲ್ಲೂ ಇರುವುದು ಸುಣ್ಣದ ಅಂಶವೇ. ಅದೇ ಸುಣ್ಣ ಕಲ್ಲಾಗಿ ನೆಲದಲ್ಲಿ ತಂಪು ಕೊಡುತ್ತದೆ, ಗೀಸರಿನೊಳಗೆ ಪೊರೆ ಕಟ್ಟಿ ಕಾಯಿಲ್ ಸುಡುತ್ತದೆ. ಅದಕ್ಕೇ ಬಾತ್‌ರೂಮಿಗೆ ಗಾಜಿನ ಪಾರ್ಟಿಷನ್ ಬೇಡ ಮಾಸ್ತರ್ರೇ. ಬೋರ್ ನೀರಿದ್ದರೆ ಹದಿನೈದು ದಿನಕ್ಕೆ ಗಾಜು ಬೆಳ್ಳಗೆ ಮಂಜು ಹಿಡಿದ ಹಾಗೆ ಆಗುತ್ತದೆ. ಕಪ್ಪು ಬಣ್ಣದ ನಲ್ಲಿಯೂ ಬೇಡ, ಈಗ ಅದು ಫ್ಯಾಶನ್ ಆಗಿದೆ. ಪ್ರತಿ ಹನಿಯ ಗುರುತು ಕಾಣುತ್ತದೆ.

ಫರಶಿ ವಿಷಯಕ್ಕೆ: ಒಂದೊಂದು ಕಲ್ಲು ಒಂದೊಂದು ದಪ್ಪ ಇರುತ್ತದೆ. ಮಟ್ಟ ಕೂರಿಸುವ ಹಳೆ ಕೈ ಸಿಕ್ಕರೆ ಹಾಕಿಸಿ. ಸಿಗದಿದ್ದರೆ ವಿಟ್ರಿಫೈಡ್ ಟೈಲ್ಸ್ ಸುರಕ್ಷಿತ.

ಹೊಸ್ತಿಲು:
ಮನೆಯಲ್ಲಿ ಮತದಾನ ಆಯಿತು. ಹೊರಗಿನ ಪಡಸಾಲೆ, ಹಿತ್ತಲು, ಮೆಟ್ಟಿಲಿಗೆ ಫರಶಿ. ಒಳಗೆ 2x2 ವಿಟ್ರಿಫೈಡ್. ನಾನು ಫರಶಿ ಕಡೆ ಇದ್ದೆ, ಸೋತೆ.

ಗೌಂಡಿ ಮಗ:
ಸೋತವರಿಗೆ ಸಮಾಧಾನ: ಹಾಕಿದ ಮರುದಿನ ಒಂದು ಕೋಲು ಹಿಡಿದು ಪ್ರತಿ ಟೈಲನ್ನೂ ನಾಲ್ಕು ಮೂಲೆ, ನಡುವೆ ತಟ್ಟಿಕೊಂಡು ಹೋಗಿ. ಟಣ್ ಅಂದರೆ ಸರಿ. ಬೊದ್ ಅಂದರೆ ಕೆಳಗೆ ಪೊಳ್ಳು ಇದೆ, ಚಾಕ್ ಗುರುತು ಹಾಕಿ, ಎಬ್ಬಿಸಿ ಮತ್ತೆ ಹಾಕಿಸಿ. ಸೈಟಿನಲ್ಲಿ ನಿಮಗೆ ಬೆಲೆ ಬರುವುದು ಆವತ್ತಿನಿಂದ.

ಗೋಡೆಗೆ ವಿಟ್ರಿಫೈಡ್ ಹಾಕಿಸುವುದಾದರೆ ಬರಿ ಸಿಮೆಂಟ್ ಸಾಲದು. ಅದು ನೀರೇ ಹೀರುವುದಿಲ್ಲ, ಸಿಮೆಂಟ್ ಹಿಡಿಯುವುದು ಹೇಗೆ? ಟೈಲ್ಸ್ ಅಂಟು ಬೇಕು. ಸಾದಾ ಸೆರಾಮಿಕ್ ಆದರೆ ನೀರಲ್ಲಿ ನೆನೆಸಿ ಸಿಮೆಂಟಿನಲ್ಲಿ ಹಚ್ಚಬಹುದು. ಬಾತ್‌ರೂಮಿನ ನೆಲ ರೂಮಿಗಿಂತ ಅರ್ಧದಿಂದ ಒಂದು ಇಂಚು ಕೆಳಗಿರಲಿ. ಹಾಕಿದ ದಿನವೇ ಒಂದು ತಂಬಿಗೆ ನೀರು ಸುರಿದು ನೋಡಿ, ಜಾಲರಿ ಕಡೆಗೇ ಹೋಗಬೇಕು. ಮೂಲೆಯಲ್ಲಿ ನಿಂತರೆ ಮಾಲು ಹಸಿ ಇರುವಾಗಲೇ ಸರಿ ಮಾಡಿಸಿ.

ಬೀದರ್ ಅಕ್ಕ:
ಅಡುಗೆಮನೆಯ ಬಗ್ಗೆ ಇಷ್ಟು ಗಂಡಸರಲ್ಲಿ ಒಬ್ಬರೂ ಮಾತಾಡಲಿಲ್ಲ, ನೋಡಿ.

ಮಾಸ್ತರ್ರೇ, ಒಲೆಯ ಕಟ್ಟೆ ಎಷ್ಟು ಎತ್ತರ ಅಂತ ಗುತ್ತಿಗೆದಾರರು ನಿಮ್ಮನ್ನು ಕೇಳುವುದಿಲ್ಲ. 33 ಇಂಚು ಅಂತ ಹಾಕಿ ಹೋಗುತ್ತಾರೆ. ಸಾರು, ಪಲ್ಯ ಮಾಡಲು ಅದು ಸರಿ. ರೊಟ್ಟಿ ಬಡಿಯಲು ಸರಿಯಲ್ಲ. ನಿಂತು ಜೋಳದ ರೊಟ್ಟಿ ಬಡಿಯುವಾಗ ಭುಜದಿಂದ ಬಲ ಬೀಳಬೇಕು. ಕಟ್ಟೆ ಎತ್ತರವಾದರೆ ಬಲವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಹತ್ತು ರೊಟ್ಟಿ ಆಗುವಷ್ಟರಲ್ಲಿ ಕೈ ಸತ್ತಿರುತ್ತದೆ. ನಾನು ಬೀದರಿನಲ್ಲಿ ನಮ್ಮ ಮನೆ ಮಾಡಿಸುವಾಗ ಕಟ್ಟೆಯ ಒಂದು ತುದಿಯನ್ನು ಮಾತ್ರ 29 ಇಂಚಿಗೆ ಇಳಿಸಿದೆ, ಎರಡೂವರೆ ಅಡಿ ಉದ್ದ. ಗೌಂಡಿ ನಕ್ಕ. ಅವನ ಹೆಂಡತಿ ಒಂದು ದಿನ ಬುತ್ತಿ ಕೊಡಲು ಬಂದವಳು ಅದನ್ನು ನೋಡಿ, "ನಮ್ಮನಿಗೂ ಹಿಂಗ ಮಾಡ್ರಿ" ಅಂದಳು. ಆಮೇಲೆ ಅವನು ನಗಲಿಲ್ಲ.

ಆ ತುದಿಯ ಕೆಳಗೆ ಡ್ರಾಯರ್ ಬೇಡ, ಗಟ್ಟಿ ಕಲ್ಲಿನ ಆಧಾರ ಕೊಡಿಸಿ. ಕೆಳಗೆ ಪೊಳ್ಳಿದ್ದರೆ ಬಡಿದಾಗ ಕಟ್ಟೆಯ ಮೇಲಿನ ಡಬ್ಬಿಗಳೆಲ್ಲ ಕುಣಿಯುತ್ತವೆ. ನಿಮ್ಮ ಅವ್ವ ಕೂತು ಬಡಿಯುವವರಾದರೆ ನೆಲದ ಮೇಲೆ ನಾಲ್ಕು ಅಡಿ ಜಾಗ ಬಿಡಿ, ಅಲ್ಲಿಗೆ ಒಂದು ಗ್ಯಾಸ್ ಪೈಪಿನ ದಾರಿ ಇರಲಿ. ಮಾಡ್ಯುಲರ್ ಕಿಚನ್ ಅಂಗಡಿಯವರ ಫೋಟೋದಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲ.

ಗೋಡೆಯಲ್ಲಿ ಒಂದು ಮಾಡ ಬಿಡಿಸಿದ್ದೆ, ಬಿದ್ರಿ ಹೂದಾನಿ ಇಡಲು. ಈಗ ಅದರಲ್ಲಿ ಮೊಬೈಲ್ ಚಾರ್ಜರ್‌ಗಳಿವೆ.

ಉಳಿ ಸುತ್ತಿಗೆ:
ಅಕ್ಕನ ಮಾತು ಬರೆದಿಟ್ಟುಕೊಂಡೆ. ಪ್ಲೈವುಡ್ ವಿಷಯ: ಸಿಂಕಿನ ಕೆಳಗೆ, ಅಡುಗೆಮನೆಗೆ ನೀರು ತಡೆಯುವ 710 ನಂಬರಿನದೇ ಹಾಕಿಸಿ. ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 710 ಅಂತ ಮುದ್ರೆ ಇರುತ್ತದೆ, ಕೊಯ್ಯುವ ಮೊದಲೇ ನೋಡಿ. ಕೊಯ್ದ ಮೇಲೆ ಎಲ್ಲ ಪ್ಲೈವುಡ್ಡೂ ಒಂದೇ ಮುಖ. ಬೆಡ್‌ರೂಮ್ ಕಪಾಟಿಗೆ 303 ಸಾಕು. ಬಾತ್‌ರೂಮ್ ಬಾಗಿಲಿಗೆ ಮರ ಬೇಡ. ಚೌಕಟ್ಟು ಗ್ರಾನೈಟಿನದು, ಬಾಗಿಲು ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ).

ಕಪಾಟಿನ ಬೆನ್ನು ಗೋಡೆಗೆ ಅಂಟುವ ಮೊದಲು ಗೋಡೆಗೆ ಗೆದ್ದಲಿನ ಔಷಧಿ ಹೊಡೆಸಿ.

ಯಾದಗಿರಿ ಎಕ್ಸ್‌ಪ್ರೆಸ್:
ಮಾಸ್ತರ್ರೇ, ಪರೀಕ್ಷೆ ರಿಸಲ್ಟ್ ಏನಾಯಿತು?

ಹೊಸ್ತಿಲು:
ಇವತ್ತೇ ಬರೆಯಬೇಕು ಅಂತಿದ್ದೆ. ಪೈಪಿನ ಗೇಜು ಶನಿವಾರ ಸಂಜೆ ಇದ್ದಲ್ಲೇ ಭಾನುವಾರ ಬೆಳಗ್ಗೆಯೂ ಇತ್ತು. ದೊಡ್ಡ ಬಾತ್‌ರೂಮ್ ಪಾಸ್. ಚಿಕ್ಕ ಬಾತ್‌ರೂಮಿನಲ್ಲಿ ಬಕೆಟ್‌ನ ನೀರು ಒಂದು ಬೆರಳು ಇಳಿದರೆ, ನೆಲದ ನೀರು ಮೂರು ಬೆರಳು ಇಳಿದಿತ್ತು. ಹಿಂದಿನ ಬೆಡ್‌ರೂಮಿನ ಗೋಡೆ ಕೆಳಗೆ ಕಪ್ಪಗೆ ಒದ್ದೆ. ಕಮೋಡಿನ ಪೈಪ್ ಸುತ್ತ ವಾಟರ್‌ಪ್ರೂಫಿಂಗ್ ಮಾಡಿರಲೇ ಇಲ್ಲ. ಗುತ್ತಿಗೆದಾರರಿಗೆ ಫೋಟೋ ಕಳಿಸಿದೆ. ಈ ಸಲ ಅವರು ಫೋನ್ ಇಡಲಿಲ್ಲ. ಮತ್ತೆ ಮಾಡಿಸಿದರು, ಮತ್ತೆ 48 ತಾಸು ನೀರು ನಿಲ್ಲಿಸಿದೆ, ಈಗ ಸರಿ ಇದೆ.

ಆದರೆ ಆ ಗೋಡೆ ಒದ್ದೆಯಾಗಿದೆ. ಪೇಂಟರ್ ಅವಸರ ಮಾಡುತ್ತಿದ್ದಾನೆ. ಎಷ್ಟು ದಿನ ಕಾಯಬೇಕು?

ಗೌಂಡಿ ಮಗ:
ಹೊಸ ಗಿಲಾವಿಗೆ ಪುಟ್ಟಿ ಹತ್ತುವ ಮೊದಲು 28 ದಿನ ಬಿಡಬೇಕು. ನೀರು ಕುಡಿದ ಗೋಡೆಗೆ ದಿನದ ಲೆಕ್ಕ ಇಲ್ಲ, ಗೋಡೆಯನ್ನೇ ಕೇಳಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಸಂಜೆ ಹಚ್ಚಿ ಮರುದಿನ ಮಧ್ಯಾಹ್ನ ತೆಗೆಯಿರಿ. ಒಳಬದಿಗೆ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಉಸಿರು ಬಿಡುತ್ತಿದೆ. ಪುಟ್ಟಿ ಬೇಡ.

ಪುಟ್ಟಿ ಎರಡು ಕೈ ಸಾಕು, ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟದಿರಲಿ. ಗಿಲಾವು ಡೊಂಕಾಗಿದ್ದರೆ ಅದನ್ನು ಪುಟ್ಟಿಯಿಂದ ನೇರ ಮಾಡುತ್ತೇನೆ ಅನ್ನುವ ಪೇಂಟರನ್ನು ನಂಬಬೇಡಿ. ದಪ್ಪ ಪುಟ್ಟಿ ಹೆಪ್ಪಳಿಕೆಯಾಗಿ ಏಳುತ್ತದೆ.

ಹೊಸ್ತಿಲು:
ಮೂರು ಸಲ ಹಾಳೆ ಹಚ್ಚಿದೆ. ಮೂರು ಸಲವೂ ಹನಿ. ಉಳಿದ ಗೋಡೆಗಳೆಲ್ಲ ಒಣಗಿವೆ, ಪುಟ್ಟಿ ನಡೆದಿದೆ. ಇದೊಂದೇ ಬಾಕಿ. ಪೇಂಟರ್ ಹೀಟರ್ ಲೈಟು ಹಚ್ಚಿ ಒಣಗಿಸೋಣ ಅಂತಾನೆ.

ಕರೆಂಟ್ ಕಾಕಾ:
ಬೇಡ ತಮ್ಮಾ. ಮೇಲೆ ಒಣಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಕಿಟಕಿ ತೆರೆದು ಫ್ಯಾನ್ ಹಚ್ಚಿ ಬಿಡು, ಸಾಕು. ಅಂದಹಾಗೆ ತಾತ್ಕಾಲಿಕ ಮೀಟರ್ ಬದಲಿಸಲು ಜೆಸ್ಕಾಂಗೆ ಅರ್ಜಿ ಹಾಕಿದೆಯಾ? ಎರಡು ಎಸಿ, ಎರಡು ಗೀಸರ್ ಅಂದರೆ ಲೋಡ್ ಲೆಕ್ಕ ಹಾಕಿ ಕೇಳು. ಮುಹೂರ್ತದ ಹಿಂದಿನ ವಾರ ಓಡಾಡಬೇಡ.

ಹೊಸ್ತಿಲು:
ಹಾಕಿದ್ದೇನೆ ಕಾಕಾ.

ಹೊಸ್ತಿಲು:
ಬಹಳ ದಿನ ಆಯಿತು, ಕ್ಷಮಿಸಿ. ಗೃಹಪ್ರವೇಶ ಆಯಿತು.

ಒಂದು ಗೋಡೆ ಬಿಟ್ಟು. ಹಿಂದಿನ ಬೆಡ್‌ರೂಮಿನ ಆ ಗೋಡೆಗೆ ಪುಟ್ಟಿ, ಬಣ್ಣ ಏನೂ ಇಲ್ಲ, ಬರಿ ಗಿಲಾವು, ಕೆಳಗಡೆ ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪು. ಬಂದವರೆಲ್ಲ ಮನೆ ನೋಡುತ್ತಾ ಬಂದು ಅಲ್ಲೇ ನಿಲ್ಲುತ್ತಿದ್ದರು. "ರೊಕ್ಕ ಮುಗಿತೇನ್ರಿ ಮಾಸ್ತರ?" ಅಂತ ಒಬ್ಬರು ಕೇಳಿಯೇಬಿಟ್ಟರು. ಅವ್ವ ಮುಂದೆ ಬಂದು, "ಅದಕ್ಕ ಇನ್ನಾ ಬೆವರು ಆರಿಲ್ಲ, ಆರಿದ ಮ್ಯಾಲೆ ಹಚ್ತೀವಿ" ಅಂದಳು. ಇಡೀ ದಿನ ಬಂದವರಿಗೆಲ್ಲ ಪ್ಲಾಸ್ಟಿಕ್ ಹಾಳೆ ಎತ್ತಿ ಹನಿ ತೋರಿಸಿದಳು. ದೇವರ ಜಗಲಿಗಿಂತ ಅಲ್ಲೇ ಜನ ಜಾಸ್ತಿ.

ಕೂಲರಿನ ನಲ್ಲಿ ತಿರುವಿದರೆ ನೀರು ತಾನೇ ಬರುತ್ತದೆ. ಕಾಕಾ, ಅದನ್ನು ತಿರುವಿದಾಗೆಲ್ಲ ನಿಮ್ಮ ಹೆಸರು ಹೇಳುತ್ತೇವೆ. ರೊಟ್ಟಿ ಕಟ್ಟೆ 29 ಇಂಚಿಗೇ ಇಳಿಸಿದೆವು. ತಪ್ಪೂ ಆಗಿವೆ. ಹಾಲಿನ ಒಂದು ಪ್ಲಗ್ಗು ಸೋಫಾ ಹಿಂದೆಯೇ ಹೋಯಿತು, ಚಾಕ್‌ನಲ್ಲಿ ಬರೆದಾಗ ಸೋಫಾ ಚಿಕ್ಕದಿತ್ತು. ಕಪಾಟು ಇನ್ನೂ ಬಂದಿಲ್ಲ.

ಒಂದು ಪ್ರಶ್ನೆ. ಹಾಲಿನ ಕಿಟಕಿಯ ಮೂಲೆಯಿಂದ ಓರೆಯಾಗಿ ಕೂದಲೆಳೆಯಂಥ ಬಿರುಕು ಬಂದಿದೆ, ಒಂದು ಗೇಣು ಉದ್ದ. ಭಯ ಪಡಬೇಕಾ?

ಗೌಂಡಿ ಮಗ:
ಕೂದಲೆಳೆ ಆದರೆ ಈಗಲೇ ಭಯ ಬೇಡ. ಎರೆಮಣ್ಣಿನ ಸೈಟು ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ, ಮನೆ ಒಂದು ಮಳೆಗಾಲ ನೋಡಬೇಕು. ಈಗ ಪುಟ್ಟಿ ತುಂಬಿ ಮುಚ್ಚಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೀಟು ಹಾಕಿ, ಪಕ್ಕ ತಾರೀಖು ಬರೆಯಿರಿ. ದೀಪಾವಳಿಗೆ ಗೀಟು ದಾಟಿತಾ, ಅಗಲ ಆಯಿತಾ ನೋಡಿ. ಉಗುರು ಹೋಗುವಷ್ಟು ಅಗಲ ಆದರೆ ಇಂಜಿನಿಯರನ್ನು ಕರೆಸಿ. ಅಲ್ಲಿಯವರೆಗೆ ಮನೆಯ ಸುತ್ತ ಅಡಿಪಾಯದ ಪಕ್ಕ ಮಳೆ ನೀರು ನಿಲ್ಲದ ಹಾಗೆ ಇಳಿಜಾರು ಮಾಡಿಸಿ, ನಿಮ್ಮ ಆ ಉಳಿದ ಫರಶಿ ಅಲ್ಲಿಗೇ ಹಾಸಿ.

ಫರಶಿ ಪ್ರೇಮಿ:
ನೋಡಿದಿರಾ, ಕೊನೆಗೆ ಫರಶಿಯೇ ಬೇಕಾಯಿತು.

ಹೊಸ್ತಿಲು:
ಗೀಟು ಹಾಕಿದೆ. ಮೇ 14 ಅಂತ ಬರೆದಿದ್ದೇನೆ. ಮಗಳು ಅದರ ಪಕ್ಕದಲ್ಲೇ ತನ್ನ ಎತ್ತರದ ಗೀಟನ್ನೂ ಹಾಕಿಕೊಂಡಿದ್ದಾಳೆ, ಹೊಸ ಪೇಂಟಿನ ಮೇಲೆ.